ಸೇತುವೆಯ ಕಂಬಿಗಳೂ ಕ್ಯಾಬಿನ್ ಅಕ್ಕನ ಕಣ್ಣೂ

ಹಾಗಂತ ನಾನೇನೂ ಮನೆ ಟಿವಿಯನ್ನು ಬೈತಾ ಇಲ್ಲ. ಟಾಕೀಸಲ್ಲಿ ನೋಡೋದು ಚೆಂದವೋ ಮನೇಲಿ ನೋಡೋದು ಚೆಂದವೋ ಅನ್ನೋ ವಾದ ಹೋದ ಸಲವೂ ಮುಗೀಲಿಲ್ಲ, ಇವತ್ತೂ ಮುಗಿಯಲ್ಲ ಬಿಡಿ. ಆದರೆ ಆ ವಾದದ ನಡುವೆ ಸಿಕ್ಕಿಹಾಕಿಕೊಂಡು ಒಬ್ಬರ ಕೆಲಸವೇ ಕೈತಪ್ಪಿ ಹೋಗೋದರಲ್ಲಿತ್ತು. ಅದನ್ನು ಹೇಳೋದೇ ಮರೆತಿದ್ದೆ. ನಮ್ಮ ಕ್ಯಾಬಿನ್ ಅಕ್ಕನ ಕತೆ.

ಬಸ್ ಸ್ಟ್ಯಾಂಡ್ ಹಿಂದಿನ ಟಾಕೀಸಿನಲ್ಲಿ ಪ್ರೊಜೆಕ್ಟರ್ ಆಪರೇಟರ್ ಅವಳು. ಮೊದಲು ಟಿಕೆಟ್ ಕೌಂಟರಿನಲ್ಲಿ ಕೂರುತ್ತಿದ್ದಳು. ಸಣ್ಣ ತೂತಿನ ಹಿಂದೆ ಕೂತು ಜನರ ಕೈಗಳನ್ನಷ್ಟೇ ನೋಡಿ ನೋಡಿ ಬೇಜಾರಾಗಿ, ಬಿಡುವು ಸಿಕ್ಕಾಗಲೆಲ್ಲ ಮೇಲಿನ ಕ್ಯಾಬಿನ್ನಿಗೆ ಓಡುತ್ತಿದ್ದಳಂತೆ. ಆಗ ಇನ್ನೂ ರೀಲಿನ ಕಾಲ. ಹಳೇ ಆಪರೇಟರು ರೀಲು ಸುತ್ತೋದು, ಹರಿದರೆ ಅಂಟಿಸೋದು ಎಲ್ಲ ಕಲಿಸಿಕೊಟ್ಟರು. ಅವರು ಬಿಟ್ಟು ಹೋದ ಮೇಲೆ ಆ ಕುರ್ಚಿ ಇವಳದಾಯ್ತು. ಆಮೇಲೆ ಡಿಜಿಟಲ್ ಮಿಷನ್ ಬಂತು, ರೀಲಿನ ಡಬ್ಬಿಗಳು ಹೋಗಿ ಹಾರ್ಡ್ ಡಿಸ್ಕು ಬಂತು, ಅಕ್ಕ ಮಾತ್ರ ಅಲ್ಲೇ ಉಳಿದಳು. ಬೆಳಗಿನ ಆಟ, ಮ್ಯಾಟಿನಿ ಅವಳದು. ಸಂಜೆಯ ಆಟಗಳಿಗೆ ಇನ್ನೊಬ್ಬ ಆಪರೇಟರ್ ಇದ್ದಾನೆ.

ಕ್ಯಾಬಿನ್ ಬಾಗಿಲಲ್ಲಿ ಚಪ್ಪಲಿ ಬಿಟ್ಟೇ ಒಳಗೆ ಹೋಗಬೇಕು. ಹೊಸಬರು ಅದನ್ನು ನೋಡಿ ಕೈ ಮುಗಿದು ನಿಂತರೆ, ‘ದೇವರಿಗಲ್ಲಪ್ಪ, ಧೂಳಿಗೆ’ ಅಂತಾಳೆ. ಒಳಗೆ ಮಿಷನ್ನಿನ ಗುಯ್ ಅನ್ನೋ ಸದ್ದು, ಬಿಸಿ ಗಾಳಿ ಎಳೆದು ಹೊರಗೆ ಹಾಕೋ ದಪ್ಪ ಕೊಳವೆ, ಒಂದು ಸ್ಟೀಲ್ ಫ್ಲಾಸ್ಕು, ಬೆನ್ನಿಗೆ ಟವೆಲ್ ಹೊದ್ದ ಕುರ್ಚಿ. ಗೋಡೆಯಲ್ಲಿ ಅಂಗೈ ಅಗಲದ ಗಾಜಿನ ಕಿಟಕಿ. ಆ ಕಿಟಕಿಯಿಂದ ನೋಡಿಯೇ, ಫೋಕಸ್ ಕೂದಲೆಳೆಯಷ್ಟು ಆಚೀಚೆ ಆದರೂ ಹೇಳಿಬಿಡ್ತಿದ್ದಳು. ಓನರ್ರಿಗೆ ಅವಳ ಕಣ್ಣಿನ ಮೇಲೆ ಅಷ್ಟು ನಂಬಿಕೆ. ಹೊಸ ಬಲ್ಬು ಹಾಕಿದರೂ ಪರದೆ ತೊಳೆಸಿದರೂ ‘ಅವಳು ಸರಿ ಅಂದ್ಳಾ?’ ಅಂತ ಕೇಳಿಯೇ ಮುಂದಿನ ಮಾತು.

ಅವಳದೊಂದು ಪದ್ಧತಿ ಇದೆ. ಮಿಷನ್ ಕೂರಿಸಿದ ಇಂಜಿನಿಯರು ಪರೀಕ್ಷೆಗೆ ಅಂತ ಕೆಲವು ತುಣುಕು ಬಿಟ್ಟು ಹೋಗಿದ್ದರು. ಅದರಲ್ಲಿ ಒಂದು, ಸೇತುವೆಯದು. ಹೀರೋ ಇಲ್ಲ, ಹಾಡಿಲ್ಲ. ಸೇತುವೆಯ ಕಟಾಂಜನದ ಪಕ್ಕದಲ್ಲೇ ಕ್ಯಾಮೆರಾ ಹೋಗ್ತಾ ಇರತ್ತೆ ಅಷ್ಟೆ. ಕಪ್ಪು ಕಂಬಿ, ಕಂಬಿಯ ಹಿಂದೆ ಬೂದು ಬಣ್ಣದ ನೀರು, ಮತ್ತೆ ಕಂಬಿ. ಮೊದಲ ಆಟಕ್ಕೆ ಬಾಗಿಲು ತೆಗೆಯೋ ಮುಂಚೆ ಅಕ್ಕ ಅದನ್ನು ಹಾಕಿ, ಕೆಳಗಿಳಿದು ಮುಂದಿನ ಮೂಲೆಯಲ್ಲಿ ಸ್ವಲ್ಪ ಹೊತ್ತು, ನಡುವೆ ಸ್ವಲ್ಪ ಹೊತ್ತು, ಕೊನೇ ಸಾಲಿನಲ್ಲಿ ಸ್ವಲ್ಪ ಹೊತ್ತು ಕೂತು ನೋಡ್ತಾಳೆ. ‘ಆ ಸೇತುವೆ ಮೇಲೆ ನಡೆದಷ್ಟು ನಮ್ಮ ಬೀದೀಲೂ ನಡೆದಿಲ್ಲ’ ಅಂತ ಅವಳೇ ನಗಾಡ್ತಾಳೆ.

ಕಂಬಿಯೇ ಯಾಕೆ ಅಂದರೆ, ಅದರಲ್ಲಿ ಸಿನಿಮಾದ ಗುಟ್ಟೇ ಇದೆ. ಸಿನಿಮಾ ಅಂದರೆ ಸೆಕೆಂಡಿಗೆ ಇಪ್ಪತ್ನಾಲ್ಕು ಸ್ಥಿರಚಿತ್ರ, ಗೊತ್ತಲ್ಲ. ಕ್ಯಾಮೆರಾ ಪಕ್ಕಕ್ಕೆ ಸರಿದಾಗ ಒಂದು ಚಿತ್ರದಿಂದ ಇನ್ನೊಂದಕ್ಕೆ ಕಂಬಿ ಒಂದಿಷ್ಟು ದೂರ ಹಾರಿ ನಿಲ್ಲತ್ತೆ. ಹಾಗಾಗಿ ಉದ್ದುದ್ದ ಗೆರೆಗಳು ಚೂರೇ ಚೂರು ನಡುಗ್ತವೆ. ಅದು ಕಾಯಿಲೆ ಅಲ್ಲ, ಸಿನಿಮಾದ ನಡಿಗೆಯೇ ಹಾಗೆ. ಯಾವ ಕಂಬಿ ಎಷ್ಟು ನಡುಗಬೇಕು ಅನ್ನೋದು ಅಕ್ಕನಿಗೆ ಬಾಯಿಪಾಠ.

ಹೀಗಿರುವಾಗ ಅವಳ ಮನೆಗೆ ದೊಡ್ಡ ಟಿವಿ ಬಂತು.

ಅಕ್ಕನ ಗಂಡ ಫ್ರಿಜ್ಜು, ಟಿವಿ ಮಾರೋ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ಅಂಗಡಿಯ ಗೋಡೆಯಲ್ಲಿ ಗಿರಾಕಿಗಳಿಗೆ ತೋರಿಸೋಕೆ ಅಂತ ಹಾಕಿದ್ದ ಸೆಟ್ಟನ್ನು ಮಾಲೀಕರು ಬದಲಾಯಿಸಿದಾಗ ಹಳೇದನ್ನು ಇವರು ಮನೆಗೆ ತಂದರು. ಹಳೇದು ಅಂದರೆ ಏನೂ ಹಳೇದಲ್ಲ, ಗೋಡೆಯ ಅರ್ಧ ನುಂಗಿತು. ಅಕ್ಕನ ಅತ್ತೆ ಮಂಚವನ್ನು ಅದರ ಎದುರಿಗೆ ಎಳೆಸಿಕೊಂಡು, ರಿಮೋಟನ್ನು ದಿಂಬಿನ ಕೆಳಗೆ ಇಟ್ಟುಕೊಂಡು, ಪಟ್ಟಾಭಿಷೇಕ ಆದ ಹಾಗೆ ಕೂತರು.

ಗಂಡ ಹೇಳಿದ ವಿಷಯ ಅಕ್ಕನಿಗೆ ಚುಚ್ಚಿತು. ಟಿವಿ ಫೋರ್ ಕೆ ಅಂತೆ, ಟಾಕೀಸಿನ ಮಿಷನ್ನು ಬರೀ ಟೂ ಕೆ. ಚಿತ್ರ ಅನ್ನೋದು ಚುಕ್ಕಿಗಳಿಂದ ಆಗೋದು ತಾನೇ, ಆ ಚುಕ್ಕಿಗಳ ಲೆಕ್ಕದಲ್ಲಿ ಮನೆಯದು ಟಾಕೀಸಿನ ಹತ್ತಿರ ಹತ್ತಿರ ನಾಲ್ಕರಷ್ಟು. ಲೆಕ್ಕ ನಿಜವೇ. ಅತ್ತೆಗೆ ಅಷ್ಟು ಸಿಕ್ಕಿದ್ದೇ ಸಾಕಾಯ್ತು.

“ನೋಡೇ, ಇಲ್ಲಿ ಮಲಗಿದಲ್ಲೇ ಇರುವೆ ಕಾಲೂ ಕಾಣತ್ತೆ. ನಿಮ್ಮ ಟಾಕೀಸಲ್ಲಿ ಆನೆ ಬಂದ್ರೂ ಹುಡುಕಬೇಕು.”

ಅಕ್ಕ ಜಗಳಕ್ಕೆ ಹೋಗಲಿಲ್ಲ, ಪರೀಕ್ಷೆಗೆ ಇಳಿದಳು. ಅವಳ ಜಾಯಮಾನವೇ ಅದು. ಒಂದು ಸಿನಿಮಾ ನಿಲ್ಲಿಸಿ, ನಾಯಕನ ಅಂಗಿ ಗುಂಡಿಗೆ ಎಷ್ಟು ತೂತಿದೆ ಹೇಳಿ ಅತ್ತೆ ಅಂದಳು. ಮಂಚದಿಂದ ಅತ್ತೆ ತಟ್ಟನೆ ನಾಲ್ಕು ಅಂದರು. ಅಡುಗೆಮನೆ ಬಾಗಿಲಿಗೆ ಕರೆದುಕೊಂಡು ಹೋಗಿ ಬೇರೆ ಅಂಗಿ ತೋರಿಸಿ ಕೇಳಿದರೆ, ಗುಂಡಿಯೇ ಕಾಣದಿದ್ದ ಮೇಲೆ ತೂತು ಎಲ್ಲಿ ಹುಡುಕಲಿ ಅಂತ ಸಿಡುಕಿದರು. ಮಾರನೇ ದಿನ ಅಕ್ಕ ಅದನ್ನೇ ಟಾಕೀಸಿನ ಹಾಲಿನಲ್ಲಿ ಮಾಡಿ ನೋಡಿದಳು. ಮುಂದಿನ ಸಾಲಿನಲ್ಲಿ ಕೂತರೆ ಅಕ್ಷರಗಳ ಅಂಚಿನಲ್ಲಿ ಸಣ್ಣ ಸಣ್ಣ ಮೆಟ್ಟಿಲು ಕಾಣ್ತವೆ, ನಡುವಿನ ಸಾಲಿಗೆ ಬಂದರೆ ಮಾಯ. ಅಂದರೆ ಚುಕ್ಕಿ ಎಷ್ಟಿದೆ ಅನ್ನೋದರ ಜೊತೆ ನಾವು ಎಲ್ಲಿ ಕೂತಿದ್ದೀವಿ ಅನ್ನೋದೂ ಮುಖ್ಯ. ಅಷ್ಟಕ್ಕೆ ಅವಳಿಗೆ ಸಮಾಧಾನ ಆಯ್ತು.

ಆದರೆ ಇನ್ನೊಂದು ಉಳಿದಿತ್ತು, ಅದನ್ನವಳು ಪರೀಕ್ಷೆ ಮಾಡಲೇ ಇಲ್ಲ. ಹೊಸ ಟಿವಿಯಲ್ಲಿ ಸಿನಿಮಾದ ಜನ ಪರದೆಯೊಳಗೆ ಇದ್ದ ಹಾಗೇ ಅನಿಸ್ತಿರಲಿಲ್ಲ. ಕಿಟಕಿ ತೆಗೆದರೆ ಆಚೆ ಅಂಗಳದಲ್ಲಿ ಓಡಾಡ್ತಾ ಇದ್ದಾರೇನೋ ಅನ್ನೋ ಹಾಗೆ, ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯ. ಮೊದಲ ವಾರ ಅಕ್ಕನಿಗೆ ಇರಿಸುಮುರಿಸಾಯ್ತಂತೆ. ಆಮೇಲೆ, ಓ, ಫೋರ್ ಕೆ ಅಂದರೆ ಇದೇ ಇರಬೇಕು ಅಂದುಕೊಂಡಳು. ತಪ್ಪಿದ್ದೇ ಅಲ್ಲಿ. ಅಲ್ಲಿಂದ ಮುಂದೆ ದಿನಾ ಸಂಜೆ ಅತ್ತೆ ಪಕ್ಕ ಕೂತು ತರಕಾರಿ ಹೆಚ್ಚುತ್ತಾ ಸಿನಿಮಾ ನೋಡೋದು ಅಭ್ಯಾಸ ಆಗಿಹೋಯ್ತು.

ಕೆಲವು ತಿಂಗಳು ಕಳೆದಿರಬೇಕು. ಓನರ್ರು ಖುಷಿಯಲ್ಲಿ ಕ್ಯಾಬಿನ್ನಿಗೆ ಬಂದು ಸುದ್ದಿ ಹೇಳಿದರು. ಸೆಕೆಂಡಿಗೆ ನಲವತ್ತೆಂಟು ಚಿತ್ರದಲ್ಲಿ ತೆಗೆದ ಸಿನಿಮಾ ಒಂದು ಬರ್ತಿದೆ, ನಮ್ಮ ಮಿಷನ್ನಿಗೂ ಅದನ್ನು ತೋರಿಸೋ ಹಾಗೆ ಮಾಡಬಹುದಂತೆ, ಟ್ರಯಲ್ ಹಾಕೋಣ, ನೀನು ನೋಡಿ ಹೂಂ ಅಂದರೆ ಒಪ್ಪಿಕೊಳ್ತೀನಿ ಅಂತ.

ಆ ವಾರವೇ ಅಕ್ಕನಿಗೆ ಕಂಬಿಗಳು ನಡುಗತೊಡಗಿದ್ದು.

ಚೂರೇ ಚೂರಲ್ಲ, ಚಳಿ ಜ್ವರ ಬಂದವರ ಹಾಗೆ. ಬೆಳಿಗ್ಗೆ ಸೇತುವೆ ಹಾಕಿದರೆ ಪ್ರತಿ ಕಂಬಿಯೂ ತಟ್ ತಟ್ ಅಂತ ಹಾರುತ್ತಿತ್ತು. ಮುಂದಿನ ಮೂಲೆಯಿಂದ ನೋಡಿದರೂ ಅದೇ, ಕೊನೇ ಸಾಲಿಂದ ನೋಡಿದರೂ ಅದೇ. ಬೆಳಗಿನ ಆಟದಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತರೆ ಸಿನಿಮಾ ಪೂರ್ತಿ ಕುಂಟುತ್ತಾ ಹೋಯ್ತು. ಮಿಷನ್ ಕೆಟ್ಟಿದೆ ಅಂತ ಓನರ್ರಿಗೆ ಹೇಳಿದಳು. ಇಂಜಿನಿಯರು ಬಂದು ಬಿಚ್ಚಿ, ಅಳೆದು, ಎಲ್ಲಾ ಸರಿ ಇದೆ ಅಕ್ಕ ಅಂದರು. ಅಕ್ಕ ಒಪ್ಪಲಿಲ್ಲ. ಮತ್ತೆ ಕರೆಸಿದಳು. ಮತ್ತೆ ಬಂದರು, ಮತ್ತೆ ಸರಿ ಇದೆ ಅಂದರು, ಪಾಪ, ಒಂದು ಚೂರೂ ಮುಖ ಸಿಂಡರಿಸಲಿಲ್ಲ. ಸಂಜೆಯ ಆಪರೇಟರನ್ನು ಕೇಳಿದರೆ ಅವನಿಗೆ ಏನೂ ಕಾಣಲಿಲ್ಲ. ಅವನ ಮನೆಯಲ್ಲಿ ಇರೋದು ಡಬ್ಬದಂಥ ಹಳೇ ಟಿವಿ. ಅದು ಆಗ ಯಾರ ತಲೆಗೂ ಹೊಳೀಲಿಲ್ಲ ಅನ್ನಿ.

ಓನರ್ರು ಕೆಟ್ಟವರಲ್ಲ. ಮೆತ್ತಗೇ ಹೇಳಿದರು.

“ನೋಡಮ್ಮ, ಎಲ್ಲರಿಗೂ ಸರಿ ಕಂಡಿದ್ದು ನಿನಗೊಬ್ಬಳಿಗೆ ನಡುಗ್ತಿದೆ ಅಂದ್ರೆ ಕಣ್ಣು ತೋರಿಸ್ಕೊ. ಈ ಟ್ರಯಲ್ ಒಂದು ನೋಡ್ಕೊಡು. ಆಮೇಲೆ ಸ್ವಲ್ಪ ದಿನ ಕೌಂಟರಲ್ಲಿ ಕೂತಿರು, ಕಣ್ಣಿಗೂ ರೆಸ್ಟ್ ಆಗತ್ತೆ.”

ಸ್ವಲ್ಪ ದಿನ ಅಂದರೆ ಎಷ್ಟು ದಿನ ಅಂತ ಇಂಥ ಮಾತಿನಲ್ಲಿ ಯಾರೂ ಹೇಳಲ್ಲ. ಕೌಂಟರಿನಿಂದ ಮೇಲೆ ಬರೋಕೆ ಅವಳಿಗೆ ಎಷ್ಟೋ ವರ್ಷ ಹಿಡಿದಿತ್ತು, ಈಗ ಇಳಿಯೋಕೆ ಒಂದೇ ಮಾತು. ರುಚಿ ಹೋದ ನಾಲಗೆ ಇಟ್ಟುಕೊಂಡು ಅಡುಗೆಭಟ್ಟ ಏನು ಮಾಡ್ತಾನೆ ಹೇಳಿ. ಕಣ್ಣಿನ ಡಾಕ್ಟರ ಹತ್ತಿರ ಹೋದಳು. ಅವರು ಕೊನೇ ಸಾಲಿನ ಇರುವೆಯಂಥ ಅಕ್ಷರಗಳನ್ನೂ ಓದಿಸಿ, ಕಣ್ಣು ಚಿನ್ನದಂಥದ್ದು ಅಂದರು. ಕಾಯಿಲೆ ಇದೆ ಅಂದಿದ್ದರೇ ವಾಸಿ ಇತ್ತು, ಔಷಧಿ ಆದರೂ ಸಿಗ್ತಿತ್ತು. ಮನೆಗೆ ಬಂದರೆ ಅತ್ತೆ, ಮಂಚದ ಮೇಲಿಂದಲೇ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಗಾದೆ ಒಗೆದರು. ಅಕ್ಕ ಉತ್ತರ ಕೊಡಲಿಲ್ಲ. ಅದು ಅತ್ತೆಗೇ ಸರಿಬರಲಿಲ್ಲ. ಸೊಸೆ ತಿರುಗಿ ಮಾತಾಡದಿದ್ದರೆ ಬೈಯೋದರಲ್ಲಿ ಏನು ಸ್ವಾರಸ್ಯ? ಟ್ರಯಲ್ಲಿಗೆ ಟಾಕೀಸಿನವರ ಮನೆಯವರೂ ಬರಬಹುದು ಅಂತ ಮಗ ಹೇಳಿದಾಗ, ಟಿವಿ ಬಂದ ಮೇಲೆ ಟಾಕೀಸಿನ ಮೆಟ್ಟಿಲು ಹತ್ತದಿದ್ದ ಅತ್ತೆ ಶಾಲು ಹೊದ್ದು ತಾವಾಗೇ ಹೊರಟರು.

ಟ್ರಯಲ್ ಬೆಳಿಗ್ಗೆ ಇತ್ತು. ಓನರ್ರು ನಡುವಿನ ಸಾಲಿನಲ್ಲಿ, ಪಕ್ಕದಲ್ಲಿ ಅತ್ತೆ, ಅತ್ತೆ ಪಕ್ಕ ಮಗ, ಆಚೆ ಇಂಜಿನಿಯರು. ಅಕ್ಕ ಸಿನಿಮಾ ಶುರು ಮಾಡಿ ಕೆಳಗೆ ಬಂದು ಕೊನೇ ಸಾಲಿನ ಹಿಂದೆ ನಿಂತಳು. ಪರದೆ ಮೇಲೆ ಹೊಳೆ ಹರೀತು, ದೋಣಿ ಬಂತು, ದಡದ ಮರಗಳು ಸಾಲಾಗಿ ಸರಿದವು. ಒಂದು ಮರವೂ ನಡುಗಲಿಲ್ಲ. ನೀರಂತೂ ಕಾಲಿಗೆ ತಾಗತ್ತೇನೋ ಅನ್ನೋ ಹಾಗಿತ್ತು. ಅಕ್ಕನಿಗೆ ಹೋದ ಜೀವ ಬಂದ ಹಾಗಾಯ್ತು. ಸೀದಾ ಇಂಜಿನಿಯರ ಹತ್ತಿರ ಹೋಗಿ, ಅಂತೂ ರಿಪೇರಿ ಮಾಡಿದ್ರಲ್ಲ ಅಂತ ಪಿಸುಗುಟ್ಟಿದಳು. ಇಂಜಿನಿಯರು ಪೆಚ್ಚಾಗಿ, ನಡುಗೋ ವಿಷಯಕ್ಕೆ ನಾನು ಕೈಯೇ ಹಾಕಿಲ್ಲ ಅಕ್ಕ, ಸಿನಿಮಾ ಮಾತ್ರ ಬೇರೆ, ಇದರಲ್ಲಿ ಚಿತ್ರ ಎರಡರಷ್ಟಿದೆ ಅಂದರು.

ಅಷ್ಟರಲ್ಲಿ ದೃಶ್ಯ ಬದಲಾಗಿ ಮನೆಯೊಳಗೆ ಇಬ್ಬರು ಕೂತು ಮಾತಾಡೋದು ಬಂತು. ಓನರ್ರು ಸೀಟಿನಲ್ಲಿ ಮಿಸುಕಾಡಿದರು. ಹೊಳೆ ಚೆನ್ನಾಗಿತ್ತು, ಇದ್ಯಾಕೋ ಸೀರಿಯಲ್ ತರಾ ಇದೆಯಲ್ರೀ, ಮುಖಕ್ಕೆ ಹಚ್ಚಿದ ಪೌಡರೂ ಕಾಣತ್ತೆ ಅಂತ ಗೊಣಗಿದರು. ಆಗ ಅತ್ತೆ ಶಾಲು ಸರಿ ಮಾಡಿಕೊಂಡು, ಇಡೀ ಹಾಲಿಗೆ ಕೇಳೋ ಹಾಗೆ ಹೇಳಿದರು.

“ಇದ್ರಲ್ಲೇನು ಹೊಸದು ಸ್ವಾಮಿ? ನಮ್ಮನೇಲಿ ದಿನಾ ನೋಡೋದೂ ಹಿಂಗೇ ಇರತ್ತೆ.”

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ನಿಂತಲ್ಲೇ ಯೋಚನೆ ಹತ್ತಿತು. ಮನೆಯಲ್ಲಿ ಹಾಕೋದೆಲ್ಲ ಮಾಮೂಲಿ ಸಿನಿಮಾ, ಇಪ್ಪತ್ನಾಲ್ಕರದು. ಟಾಕೀಸಲ್ಲಿ ಅದೇ ಸಿನಿಮಾ ನಡುಗತ್ತೆ. ಮನೇಲಿ ಅದು ಈ ನಲವತ್ತೆಂಟರ ಹಾಗೆ ಜಾರತ್ತೆ ಅಂದರೆ, ಇಲ್ಲದ ಚಿತ್ರಗಳು ಎಲ್ಲಿಂದ ಬಂದವು? ಚುಕ್ಕಿ ಜಾಸ್ತಿ ಇದ್ದರೆ ಗುಂಡಿಯ ತೂತು ಕಾಣಬಹುದು. ಓಟ ನಯ ಆಗೋದು ಹೇಗೆ?

ಸಿನಿಮಾ ಮುಗಿದ ತಕ್ಷಣ, ಆ ಸೇತುವೆಯನ್ನು ಒಂದು ಪೆನ್ ಡ್ರೈವಿಗೆ ಹಾಕಿಕೊಡಿ ಅಂತ ಇಂಜಿನಿಯರನ್ನು ಕೇಳಿದಳು.

ಮನೆಯಲ್ಲಿ ಅತ್ತೆಯ ದಿಂಬಿನ ಕೆಳಗಿಂದ ರಿಮೋಟು ಎಳೆದು, ಪೆನ್ ಡ್ರೈವ್ ಚುಚ್ಚಿ, ಸೇತುವೆ ಹಾಕಿದಳು. ಕಂಬಿಗಳು ಎಣ್ಣೆ ಹಚ್ಚಿದ ಹಾಗೆ ಜಾರಿಕೊಂಡು ಹೋದವು. ಹಾರೋದಿಲ್ಲ, ನಡುಕ ಇಲ್ಲ. ಇಷ್ಟು ವರ್ಷ ನಡೆದ ಸೇತುವೆಯೇ ಅಲ್ಲ ಅದು.

“ರೀ, ಈ ಟಿವಿಗೆ ಏನು ಮಾಡಿದ್ದೀರಿ?”

ಊಟಕ್ಕೆ ಕೂತಿದ್ದ ಗಂಡ ತಟ್ಟೆಯಿಂದ ತಲೆ ಎತ್ತಿ ನೋಡಿ, ಓ ಅದಾ, ಅಂಗಡಿ ಸೆಟ್ಟಿಂಗ್ ಅಂದರು. ಗೋಡೆಗೆ ಹಾಕೋ ಸೆಟ್ಟಿಗೆಲ್ಲ ಬೆಳಕೂ ಜಾಸ್ತಿ, ನಯವೂ ಜಾಸ್ತಿ ಇಟ್ಟಿರ್ತಾರಂತೆ, ಹೋಗ್ತಾ ಇರೋ ಗಿರಾಕಿ ನಿಂತು ನೋಡಲಿ ಅಂತ. ಮನೆಗೆ ತಂದವರು ಬದಲಾಯಿಸಲೇ ಇಲ್ಲ. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಇರಬಹುದಾದ ಚಿತ್ರವನ್ನು ಟಿವಿ ತಾನೇ ಊಹೆ ಮಾಡಿ ಸೇರಿಸ್ತಾ ಹೋಗತ್ತೆ, ಹಾಲಿಗೆ ನೀರು ಬೆರೆಸಿ ಜಾಸ್ತಿ ಮಾಡಿದ ಹಾಗೆ. ನಿಮ್ಮ ನಲವತ್ತೆಂಟರದು ಹಾಗಲ್ಲ, ಅದು ಪೂರ್ತಿ ಕರೆದ ಹಾಲೇ ಅಂದರು. ಹೇಳಿ ಊಟ ಮುಂದುವರಿಸಿದರು, ಹೆಂಡತಿಯ ಕೆಲಸ ಆ ಒಂದು ಸೆಟ್ಟಿಂಗಿನ ಮೇಲೆ ನಿಂತಿತ್ತು ಅಂತ ಅವರಿಗೇನು ಗೊತ್ತು.

ಅಕ್ಕ ಆ ಸೆಟ್ಟಿಂಗ್ ಆಫ್ ಮಾಡಿದಳು. ಕಂಬಿಗಳು ನಡುಗಿದವು. ಆನ್ ಮಾಡಿದಳು, ಜಾರಿದವು. ಆಫ್, ನಡುಕ. ಆನ್, ಜಾರಾಟ. ಹೊಸ ಆಟಿಕೆ ಸಿಕ್ಕಿದ ಮಗುವಿನ ಹಾಗೆ ಕೂತುಬಿಟ್ಟಳಂತೆ, ಕಣ್ಣಲ್ಲಿ ನೀರು ಬೇರೆ. ಮಿಷನ್ನಿಗೆ ಏನೂ ಆಗಿರಲಿಲ್ಲ. ಕಣ್ಣಿಗೂ ಏನೂ ಆಗಿರಲಿಲ್ಲ. ಸಂಜೆ ಸಂಜೆ ನಯವಾದದ್ದನ್ನೇ ಉಂಡ ಕಣ್ಣಿಗೆ ಬೆಳಗಿನ ಕಂಬಿ ಒರಟಾಗಿತ್ತು, ಅಷ್ಟೆ. ಕೊನೆಗೆ ಅತ್ತೆ ರಿಮೋಟು ಕಿತ್ತುಕೊಂಡರು.

ಮಾರನೇ ದಿನ ಓನರ್ರ ರೂಮಿಗೆ ಹೋಗಿ ಎಲ್ಲ ಬಿಡಿಸಿ ಹೇಳಿದಳು. ಮಿಷನ್ನಿನ ಮೇಲೆ ಸುಮ್ಮನೆ ತಪ್ಪು ಹೊರಿಸಿದೆ, ಇಂಜಿನಿಯರನ್ನು ಸುಮ್ಮನೆ ಓಡಾಡಿಸಿದೆ, ಅವರು ಹೇಳಿದ್ದೇ ಸರಿ ಅಂತಲೂ ಹೇಳಿದಳು. ಓನರ್ರು ಬೈತಾರೆ ಅಂದುಕೊಂಡಿದ್ದಳು. ಅವರು ಪೆನ್ನಿನ ಮುಚ್ಚಳ ತೆಗೆಯೋದು ಹಾಕೋದು ಮಾಡ್ತಾ ಕೇಳಿದರು.

“ಹಂಗಾದ್ರೆ ಮನೇಲಿ ಅಂಥ ಟಿವಿ ನೋಡಿ ಬರೋ ಜನಕ್ಕೆಲ್ಲ ನನ್ನ ಪರದೆ ನಡುಗತ್ತಾ?”

“ಗೊತ್ತಿಲ್ಲ ಸರ್. ಕೇಳಿ ನೋಡ್ಬೇಕು.”

“ಕೇಳು ಮತ್ತೆ. ಕೌಂಟರಲ್ಲಿ ಕೂತ್ರೆ ಹೆಂಗೆ ಕೇಳ್ತೀಯ? ಮೇಲೇ ಇರು.”

ಕ್ಯಾಬಿನ್ ಉಳಿದದ್ದು ಹೀಗೆ. ಜೊತೆಗೆ ಹೊಸ ಕೆಲಸವೊಂದು ಗಂಟುಬಿತ್ತು. ಇಂಜಿನಿಯರು ಅದೇ ಥರದ ಇನ್ನೊಂದು ಸೇತುವೆ ತಂದುಕೊಟ್ಟಿದ್ದಾರೆ, ನಲವತ್ತೆಂಟರದು. ಬೆಳಗಿನ ಆಟಕ್ಕೆ ಬೇಗ ಬಂದವರಿಗೆ ಅಕ್ಕ ಎರಡನ್ನೂ ಹಾಕಿ ಯಾವುದು ಇಷ್ಟ ಅಂತ ಕೇಳ್ತಾಳೆ. ಒಂದೇ ಉತ್ತರ ಬರಲ್ಲ, ಅದೇ ಅವಳಿಗೆ ಮಜಾ. ಒಬ್ಬರು ಮೊದಲನೇದು, ಅಂದರೆ ಇಪ್ಪತ್ನಾಲ್ಕರದು, ಕನಸಿನ ಹಾಗಿದೆ ಅಂದರು. ಇನ್ನೊಬ್ಬರಿಗೆ ಅದರಿಂದ ತಲೆನೋವು ಬಂತು. ಒಬ್ಬ ತಾತ ಎರಡೂ ಒಂದೇ ಅಲ್ವೇನಮ್ಮ ಅಂತ ಎದ್ದು ಹೋದರು. ಆ ಹೊಸ ಸಿನಿಮಾವನ್ನು ಬೆಳಿಗ್ಗೆ ನಲವತ್ತೆಂಟರಲ್ಲಿ, ಮ್ಯಾಟಿನಿಗೆ ಇಪ್ಪತ್ನಾಲ್ಕರಲ್ಲಿ ಹಾಕಿದರು. ಹೊಳೆಗೋಸ್ಕರ ಬೆಳಿಗ್ಗೆ ಬಂದು, ಮಾತಿಗೋಸ್ಕರ ಮಧ್ಯಾಹ್ನ ಮತ್ತೆ ಬಂದವರೂ ಇದ್ದರು, ಅವರಲ್ಲಿ ನಾನೂ ಒಬ್ಬ. ಯಾವುದು ಸರಿ ಅಂತ ಅಕ್ಕನನ್ನು ಕೇಳಿದರೆ, ನನಗೇ ಇನ್ನೂ ತಿಳೀಲಿಲ್ಲ ಮಾರಾಯ ಅಂತಾಳೆ.

ಮನೆಯಲ್ಲಿ ಒಂದು ಒಪ್ಪಂದ ಆಗಿದೆ. ಅತ್ತೆಯ ಸೀರಿಯಲ್ಲಿಗೆ ನಯ ಇರಬೇಕು, ಸಿನಿಮಾ ಹಾಕಿದರೆ ಇರಬಾರದು. ಸೊಸೆ ಅಡುಗೆಮನೆಗೆ ಹೋದಳೋ ಇಲ್ಲವೋ, ಅತ್ತೆ ಮತ್ತೆ ಆನ್ ಮಾಡ್ತಾರೆ. ಅಕ್ಕ ಈಗ ಅಡುಗೆಮನೆಯಿಂದ ಒಂದು ಇಣುಕು ಹಾಕಿಯೇ, ‘ಅತ್ತೆ, ಆಫ್ ಮಾಡಿ’ ಅಂತಾಳಂತೆ. ಆ ಕಣ್ಣು ಎಲ್ಲಿಗೂ ಹೋಗಿಲ್ಲ ನೋಡಿ. ಅತ್ತೆ ಮಾತ್ರ ಹೊಸ ಸಿನಿಮಾ ಬಂದಾಗಲೆಲ್ಲ ಬೆಳಗಿನ ಆಟಕ್ಕೆ ಶಾಲು ಹೊದ್ದು ಬಂದು ನಡುವಿನ ಸಾಲಿನಲ್ಲಿ ಕೂರ್ತಾರೆ. ಓನರ್ರು ಈಗ ‘ಅವಳು ಸರಿ ಅಂದ್ಳಾ?’ ಅಂತ ಕೇಳಿದ ಮೇಲೆ ‘ಅವಳತ್ತೆ ಏನಂದ್ರು?’ ಅಂತಲೂ ಕೇಳ್ತಾರೆ.

ನೀವೂ ಒಂದು ಸಲ ಹೋಗಿ ಬನ್ನಿ. ಬಾಗಿಲು ತೆಗೆಯೋಕೆ ಮುಂಚೆ, ಪಕ್ಕದ ಕಬ್ಬಿಣದ ಮೆಟ್ಟಿಲು ಹತ್ತಿ, ಚಪ್ಪಲಿ ಹೊರಗೆ ಬಿಟ್ಟು, ಸೇತುವೆ ನೋಡೋಕೆ ಬಂದೆ ಅನ್ನಿ. ಎರಡೂ ತೋರಿಸ್ತಾಳೆ. ನಿಮಗೆ ಯಾವುದು ಚೆಂದ ಅಂತ ಕೇಳ್ತಾಳೆ. ಉತ್ತರ ಹೇಳಿದ ಕೂಡಲೇ, ನಿಮ್ಮನೇ ಟಿವಿ ಹೇಗಿಟ್ಟಿದ್ದೀರಿ ಅಂತಲೂ ಕೇಳ್ತಾಳೆ. ಅದನ್ನು ಮಾತ್ರ ಹೊರಡೋ ಮುಂಚೆ ಮನೇಲಿ ನೋಡಿಕೊಂಡು ಹೋಗಿ.